ವಾರದ ಸೀಮೆಯಲ್ಲಿ ಒಂದು ವಾರ

ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಕೃಷಿ ಸಾಲದ ಕಡತ ತಿರುವಿದವನಿಗೆ ಹೊಲ ಕಂಡ ಕೂಡಲೇ ಹೊಳೆಯುವುದು ಅದರ ಅಂದವಲ್ಲ, ಪಹಣಿ. ಎಷ್ಟು ಎಕರೆ, ಖುಷ್ಕಿಯೋ ತರಿಯೋ, ಬಾವಿ ಇದೆಯೋ, ಹಿಂದಿನ ಸಾಲ ತೀರಿದೆಯೋ. ನಿವೃತ್ತನಾಗಿ ಮೂರು ವರ್ಷ ಕಳೆದರೂ ಈ ಚಟ ಬಿಟ್ಟಿಲ್ಲ. ಹಾಸನದಿಂದ ಅರಸೀಕೆರೆಗೆ ಹೋಗುವ ಬಸ್ಸಿನಲ್ಲಿ ನಾನು ಕಿಟಕಿಯಾಚೆ ನೋಡುತ್ತಾ ಸುಮ್ಮನಾದರೆ ಸಾಕು, ನನ್ನಾಕೆ ಮೊಣಕೈ ತಿವಿದು ಕೇಳುತ್ತಾಳೆ: "ರೀ, ಇದಕ್ಕೆ ಎಷ್ಟು ಕೊಡುತ್ತಿದ್ದಿರಿ?"

ಮಗ ಮ್ಯೂನಿಕ್‌ನಲ್ಲಿದ್ದಾನೆ. ಅವನ ಮನೆಗೆ ಹೋದವರು ಅಲ್ಲಿಂದ ಒಂದು ವಾರ ಬಿಡುವು ಮಾಡಿಕೊಂಡು ಇಟಲಿಯ ಟಸ್ಕನಿ ಸೀಮೆಗೆ ಬಂದೆವು. ರೋಮ್, ವೆನಿಸ್ ಬೇಡ. ಒಂದೇ ಕಣಿವೆ, ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ನಡಿಗೆ, ಮಧ್ಯಾಹ್ನ ನಿದ್ದೆ. ಷರತ್ತು ಇಷ್ಟೇ. ಕಣಿವೆಯ ಹೆಸರು ವಾಲ್ ದೋರ್ಚಾ, ಅಂದರೆ ಓರ್ಚಾ ನದಿಯ ಕಣಿವೆ. ಊರಿನಲ್ಲಿ ಈ ಹೆಸರು ಹೇಳಿದಾಗ ಭಾವಮೈದುನ, "ಅದು ಮಧ್ಯಪ್ರದೇಶದಲ್ಲಿ ಅಲ್ಲವೇ ಭಾವ? ಅದಕ್ಕೆ ವೀಸಾ ಏಕೆ?" ಎಂದಿದ್ದ.

ಏಪ್ರಿಲ್ 29, ಸಿಯೆನಾ

ಫ್ಲಾರೆನ್ಸಿನಿಂದ ಬಸ್ಸು. ಸಿಯೆನಾದ ನಡುಮಧ್ಯದ ಚೌಕ ಸಮತಟ್ಟಾಗಿಲ್ಲ, ಮೊರದ ಹಾಗೆ ಒಂದು ಕಡೆಗೆ ಇಳಿಯುತ್ತದೆ. ಇಟ್ಟಿಗೆ ಹಾಸಿನಲ್ಲಿ ಒಂಬತ್ತು ಪಾಲುಗಳ ಗೆರೆ ಎಳೆದಿದ್ದಾರೆ. 1287ರಿಂದ 1355ರವರೆಗೆ ಈ ಊರನ್ನು ಆಳಿದ್ದು ಒಂಬತ್ತು ಜನರ ಸಭೆ, ಅದರ ಗುರುತು. ಜುಲೈ 2 ಮತ್ತು ಆಗಸ್ಟ್ 16ರಂದು ಇದೇ ಚೌಕದ ಸುತ್ತ ಜೀನಿಲ್ಲದ ಕುದುರೆಗಳನ್ನು ಓಡಿಸುತ್ತಾರೆ. ನಾವು ಹೋದಾಗ ಜನ ಅಂಗಾತ ಮಲಗಿ ಬಿಸಿಲು ಕಾಯುತ್ತಿದ್ದರು. ಊರ ನಡುವೆ ಹೀಗೆ ಮಲಗುವುದಕ್ಕೆ ನನ್ನಾಕೆಗೆ ಸಂಕೋಚ. ಅರ್ಧ ಗಂಟೆ ಬಿಟ್ಟು ನೋಡಿದರೆ ಕೈಚೀಲ ತಲೆದಿಂಬಾಗಿತ್ತು.

ನಾನು ಸಿಯೆನಾದಲ್ಲಿ ಇಳಿದದ್ದೇ ಒಂದು ಗೋಡೆಗಾಗಿ. ಪುರಭವನದೊಳಗೆ, ಆ ಒಂಬತ್ತು ಜನ ಕುಳಿತುಕೊಳ್ಳುತ್ತಿದ್ದ ಕೋಣೆಯಲ್ಲಿ, ಅಂಬ್ರೋಜೊ ಲೊರೆಂಜೆಟ್ಟಿ 1338–39ರಲ್ಲಿ ಬರೆದ ಭಿತ್ತಿಚಿತ್ರವಿದೆ. ಒಳ್ಳೆಯ ಆಡಳಿತ ಇದ್ದರೆ ಏನಾಗುತ್ತದೆ, ಕೆಟ್ಟದ್ದಿದ್ದರೆ ಏನಾಗುತ್ತದೆ ಎಂಬುದು ವಸ್ತು. ಒಳ್ಳೆಯದರ ಗೋಡೆಯಲ್ಲಿ ಅರ್ಧ ಪಟ್ಟಣ, ಇನ್ನರ್ಧ ಹಳ್ಳಿಗಾಡು. ಕೋಟೆಬಾಗಿಲಿನಿಂದ ಕುದುರೆಯೇರಿದ ಸಿರಿವಂತರು ಬೇಟೆಗೆ ಇಳಿಯುತ್ತಿದ್ದಾರೆ. ಕತ್ತೆಗಳ ಮೇಲೆ ಮೂಟೆ ಹೇರಿಕೊಂಡ ರೈತರು ಹತ್ತುತ್ತಿದ್ದಾರೆ. ಒಬ್ಬ ಹಂದಿ ಹೊಡೆದುಕೊಂಡು ಬರುತ್ತಿದ್ದಾನೆ, ಕಪ್ಪು ಮೈಗೆ ಬಿಳಿ ಪಟ್ಟಿಯ ಹಂದಿ. ಆ ತಳಿ ಇವತ್ತಿಗೂ ಈ ಸೀಮೆಯಲ್ಲಿದೆ. ಹಿಂದೆ ಉಳುಮೆ, ಬಿತ್ತನೆ, ಕುಯ್ಲು, ಒಕ್ಕಣೆ ಎಲ್ಲ ಒಟ್ಟಿಗೇ ನಡೆದಿವೆ. ಮೇಲೆ ರೆಕ್ಕೆಯ ಹೆಣ್ಣೊಬ್ಬಳು ಹಾರುತ್ತಿದ್ದಾಳೆ, ಹೆಸರು ಅಭಯ. ಯಾರೂ ಅಂಜದೆ ದಾರಿ ನಡೆಯಬಹುದು, ಉತ್ತು ಬಿತ್ತಬಹುದು ಎಂಬ ಮಾತು ಬರೆದ ಪಟ್ಟಿ ಅವಳ ಒಂದು ಕೈಯಲ್ಲಿದೆ. ಇನ್ನೊಂದು ಕೈಯಲ್ಲಿ ನೇಣುಗಂಬ, ಅದರಲ್ಲಿ ನೇತಾಡುವ ಹೆಣ.

"ಅಭಯ ಹಸ್ತ ಎಂದರೆ ಇದೇನಾ!" ಎಂದಳು ನನ್ನಾಕೆ.

ಈ ಗೋಡೆ ಒಣಗಿ ಹತ್ತು ವರ್ಷ ತುಂಬುವ ಮೊದಲೇ, 1348ರಲ್ಲಿ, ಪ್ಲೇಗ್ ಬಂದು ಊರಿನ ಬಹುಪಾಲು ಜನರನ್ನು ಒಯ್ದಿತು. ಅಂಬ್ರೋಜೊ ತೀರಿಕೊಂಡದ್ದೂ ಅದರಲ್ಲೇ ಎನ್ನುತ್ತಾರೆ. ದೊಡ್ಡ ಇಗರ್ಜಿಯನ್ನು ಇನ್ನೂ ದೊಡ್ಡದು ಮಾಡಲು ಎಬ್ಬಿಸಿದ್ದ ಗೋಡೆ ಸೂರಿಲ್ಲದೆ ಇವತ್ತಿಗೂ ಹಾಗೆಯೇ ನಿಂತಿದೆ. ನಾನು ಮತ್ತೆ ಮತ್ತೆ ನೋಡಿದ್ದು ಮಾತ್ರ ಆ ಕತ್ತೆಗಳ ಮೇಲಿನ ಮೂಟೆಗಳನ್ನು. ಅವುಗಳಲ್ಲಿ ರೈತನ ಪಾಲೆಷ್ಟು, ಧಣಿಯ ಪಾಲೆಷ್ಟು? ಚಿತ್ರಕಾರ ಅದನ್ನು ಹೇಳಿಲ್ಲ.

ಏಪ್ರಿಲ್ 30, ಪಿಯೆಂಜಾ

ಆ ಪಾಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಬೊನ್‌ಕೊನ್ವೆಂಟೊ ಎಂಬ ಪುಟ್ಟ ಊರಿನಲ್ಲಿ. 1313ರಲ್ಲಿ ಪವಿತ್ರ ರೋಮನ್ ಚಕ್ರವರ್ತಿ ಏಳನೆಯ ಹೆನ್ರಿ ಪ್ರಾಣ ಬಿಟ್ಟ ಊರು ಇದು. ದಕ್ಷಿಣಕ್ಕೆ ಹೋಗುವ ಬಸ್ಸು ಇಲ್ಲಿ ನಿಲ್ಲುತ್ತದೆ. ಕೋಟೆಗೋಡೆಗೆ ಅಂಟಿಕೊಂಡಂತೆ ಇರುವ ವಸ್ತುಸಂಗ್ರಹಾಲಯ ಮೀಸಲಾಗಿರುವುದು ‘ಮೆಜ್ಜಾದ್ರಿಯಾ’ಕ್ಕೆ. ಹಳೇ ಮೈಸೂರಿನವರು ‘ವಾರಕ್ಕೆ ಕೊಡುವುದು’ ಎನ್ನುತ್ತೇವಲ್ಲ, ಅದೇ. ಹೊಲ, ಮನೆ ಧಣಿಯದು, ದುಡಿಮೆ ರೈತನ ಇಡೀ ಕುಟುಂಬದ್ದು, ಬೆಳೆ ಅರ್ಧರ್ಧ. ಆರೇಳು ಶತಮಾನ ಟಸ್ಕನಿಯ ಹಳ್ಳಿಗಾಡು ನಡೆದದ್ದು ಈ ಲೆಕ್ಕದ ಮೇಲೆ. ಕೆಳಗೆ ದನದ ಕೊಟ್ಟಿಗೆ, ಮೇಲೆ ಜನ: ದನಗಳ ಮೈಬಿಸಿಯೇ ಚಳಿಗಾಲದಲ್ಲಿ ಮೇಲಿನವರಿಗೆ ಆಸರೆ. ಮನೆಯ ಹಿರಿಯನಿಗೆ ‘ಕಪೊಚ್ಚಾ’ ಎಂದು ಹೆಸರು, ಧಣಿಯ ಎದುರು ನಿಂತು ಮಾತನಾಡುವವನು ಅವನೊಬ್ಬನೇ. ಮಗನಿಗೆ ಮದುವೆ ಮಾಡಬೇಕಾದರೂ ಧಣಿಯ ಒಪ್ಪಿಗೆ ಬೇಕು. ದುಡಿಯುವ ಕೈ, ತಿನ್ನುವ ಬಾಯಿ ಎರಡರ ಲೆಕ್ಕವೂ ಅವನದೇ ಆದ್ದರಿಂದ.

ಮುಂದಿನ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಬೂದುಬಣ್ಣದ ಜೇಡಿಮಣ್ಣಿನ ಗುಡ್ಡಗಳು. ಲಕ್ಷಾಂತರ ವರ್ಷಗಳ ಹಿಂದೆ ಇದೆಲ್ಲ ಕಡಲ ತಳ. ಉತ್ತರೆ ಈಗಲೂ ಚಿಪ್ಪು ಸಿಗುತ್ತದೆ. ಗೋಧಿ ಮೊಣಕಾಲೆತ್ತರ ಬೆಳೆದು ಹಸಿರು ತುಳುಕುವ ಕಾಲವಾದ್ದರಿಂದ ಬಸ್ಸಿನಲ್ಲಿದ್ದವರೆಲ್ಲ ಮೊಬೈಲ್ ಹಿಡಿದು ಕಿಟಕಿಗೆ ಮೆತ್ತಿಕೊಂಡಿದ್ದರು.

ಪಿಯೆಂಜಾ ಒಬ್ಬ ಮನುಷ್ಯನ ಹಟದಿಂದ ಆದ ಊರು. ಮೊದಲು ಇದು ಕೊರ್ಸಿನ್ಯಾನೊ ಎಂಬ ಕುಗ್ರಾಮ. 1405ರಲ್ಲಿ ಇಲ್ಲಿ ಹುಟ್ಟಿದ ಎನೆಯಾ ಸಿಲ್ವಿಯೊ ಪಿಕ್ಕೊಲೊಮಿನಿ 1458ರಲ್ಲಿ ಎರಡನೆಯ ಪಿಯುಸ್ ಎಂಬ ಹೆಸರಿನಿಂದ ಪೋಪ್ ಆದ. ಹುಟ್ಟೂರಿಗೆ ಬಂದು ನೋಡಿದರೆ ಜೊತೆಯವರೆಲ್ಲ ಮುದುಕರಾಗಿದ್ದರು, ಊರು ಮುದಿಯಾಗಿತ್ತು. ಸರಿ, ಊರನ್ನೇ ಹೊಸದಾಗಿ ಕಟ್ಟಿಸಲು ಹೊರಟ. ಬರ್ನಾರ್ಡೊ ರೊಸ್ಸೆಲ್ಲಿನೊ ಎಂಬ ಶಿಲ್ಪಿಗೆ ಕೆಲಸ ವಹಿಸಿದ. 1459ರಿಂದ ಮೂರು ನಾಲ್ಕು ವರ್ಷಗಳಲ್ಲಿ ಇಗರ್ಜಿ, ಅರಮನೆ, ಚೌಕ ಎದ್ದು ನಿಂತವು. ಊರಿಗೆ ತನ್ನ ಹೆಸರನ್ನೇ ಇಟ್ಟ.

ಇಲ್ಲಿ ನನ್ನ ವೃತ್ತಿಗೆ ಸೇರಿದ ಒಂದು ಪ್ರಸಂಗವಿದೆ, ಸ್ವತಃ ಪೋಪನೇ ಬರೆದಿಟ್ಟದ್ದು. ರೊಸ್ಸೆಲ್ಲಿನೊ ಕೊಟ್ಟ ಅಂದಾಜು 18,000 ಚಿನ್ನದ ನಾಣ್ಯ. ಖರ್ಚಾದದ್ದು 50,000ಕ್ಕೂ ಮೇಲೆ. ಜನ ಚಾಡಿ ಹೇಳಿದರು. ಪೋಪ್ ಶಿಲ್ಪಿಯನ್ನು ಕರೆಸಿದ. ಅವನು ನಡುಗುತ್ತಾ ಬಂದು ನಿಂತರೆ, ನೀನು ನಿಜ ಹೇಳಿದ್ದರೆ ನಾನು ಇಷ್ಟು ದುಡ್ಡು ಹಾಕುತ್ತಲೇ ಇರಲಿಲ್ಲ, ಸುಳ್ಳು ಹೇಳಿ ಒಳ್ಳೆಯದನ್ನೇ ಮಾಡಿದೆ ಎಂದು ಹೇಳಿ, ಇನಾಮು ಕೊಟ್ಟು ಕೆಂಪು ನಿಲುವಂಗಿ ಹೊದಿಸಿ ಕಳುಹಿಸಿದ. ಅಂದಾಜು ಪಟ್ಟಿ ಮೀರಿದ್ದಕ್ಕೆ ಶಾಲು ಹೊದಿಸಿದ ಇನ್ನೊಂದು ಉದಾಹರಣೆ ನನ್ನ ಸೇವಾವಧಿಯಲ್ಲಿ ಸಿಕ್ಕಿಲ್ಲ. ಮನೆ ಕಟ್ಟಿ ನೋಡು ಎನ್ನುತ್ತಾರೆ. ಈತ ಊರು ಕಟ್ಟಿ ನೋಡಿದ.

ಇಗರ್ಜಿಯ ಒಳಗೆ ಬೆಳಕೋ ಬೆಳಕು. ಜರ್ಮನ್ ಸೀಮೆಯಲ್ಲಿ ಕಂಡಿದ್ದ ಇಗರ್ಜಿಗಳ ಹಾಗೆ ಎತ್ತರದ ಕಿಟಕಿಗಳಿರಬೇಕು, ಬಿಳಿ ಗೋಡೆಗೆ ಯಾರೂ ಬಣ್ಣ ಬಳಿಯಕೂಡದು ಎಂದು ಕಟ್ಟಪ್ಪಣೆ ಮಾಡಿದ್ದನಂತೆ. ಆದರೆ ಬೆಟ್ಟದಂಚಿನ ಮಣ್ಣು ಪೋಪನ ಮಾತು ಕೇಳಲಿಲ್ಲ. ಹಿಂಭಾಗ ಕುಸಿಯುತ್ತಲೇ ಇದೆ. ನೆಲದ ವಾಟ, ಗೋಡೆಯ ಬಿರುಕು ಬರಿಗಣ್ಣಿಗೆ ಕಾಣುತ್ತವೆ. ಪಕ್ಕದ ಅರಮನೆಯ ಹಿಂದೆ ಮೂರಂತಸ್ತಿನ ಜಗಲಿ. ಅಲ್ಲಿ ನಿಂತರೆ ಇಡೀ ಕಣಿವೆ, ಅದರಾಚೆ 1,738 ಮೀಟರ್ ಎತ್ತರದ ಅಮಿಯಾತಾ ಬೆಟ್ಟ. ಬೇಸಿಗೆಯಲ್ಲಿ ಪೋಪ್ ಆ ಬೆಟ್ಟಕ್ಕೆ ಹೋಗಿ ಚೆಸ್ಟ್‌ನಟ್ ಮರದ ನೆರಳಿನಲ್ಲಿ ಕಾರ್ಡಿನಲ್‌ಗಳ ಸಭೆ ನಡೆಸುತ್ತಿದ್ದ. ಅಧಿಕಾರಿಗಳ ಸಭೆಗಳೆಲ್ಲ ಹಾಗೆ ನಡೆಯಬೇಕಿತ್ತು.

ಸಂಜೆ ಊರಿನಿಂದ ಎರಡು ಕಿ.ಮೀ. ಕೆಳಗಿನ ಅಗ್ರಿತುರಿಸ್ಮೊಗೆ ಇಳಿದೆವು. ನಮ್ಮ ಕಡೆಯ ಹೋಮ್‌ಸ್ಟೇ ಇದ್ದಂತೆ. ಬೇಸಾಯದ ಮನೆಯಲ್ಲೇ ವಸತಿ, ಊಟ. ನಮಗೆ ಸಿಕ್ಕಿದ್ದು ನೆಲಮಟ್ಟದ ಕೋಣೆ: ಕಮಾನು ಬಾಗಿಲು, ಗೋಡೆಯಲ್ಲಿ ಕಬ್ಬಿಣದ ಬಳೆ. ಅದು ಯಾತಕ್ಕೆಂದು ನನ್ನಾಕೆಗೆ ಹೇಳಲಿಲ್ಲ. ಬೆಳಿಗ್ಗೆ ಅವಳೇ ಕಂಡುಹಿಡಿದಳು. "ದನ ಕಟ್ಟುವ ಜಾಗಕ್ಕೆ ಇಷ್ಟು ಬಾಡಿಗೆಯೇ?"

ಮೇ 1, ಸಾನ್ ಕ್ವಿರಿಕೊ

ಮೊದಲ ದೊಡ್ಡ ನಡಿಗೆ, ಸುಮಾರು 12 ಕಿ.ಮೀ. ಶುರುವಿಗೆ ಬೆಟ್ಟದ ಬುಡದ ಹಳೆಯ ಇಗರ್ಜಿ. ಪೋಪನಾಗುವ ಕೂಸಿಗೆ ದೀಕ್ಷಾಸ್ನಾನ ಆದದ್ದು ಇಲ್ಲೇ. ಬಾಗಿಲ ಮೇಲೆ ಎರಡು ಬಾಲದ ಮತ್ಸ್ಯಕನ್ಯೆ, ಎರಡನ್ನೂ ಎರಡು ಕೈಯಲ್ಲಿ ಹಿಡಿದು ಕುಳಿತಿದ್ದಾಳೆ. ಅಲ್ಲಿಂದ ಮುಂದೆ ಬಿಳಿ ರಸ್ತೆ. ಡಾಂಬರಿಲ್ಲ, ಸುಣ್ಣದ ಜಲ್ಲಿಯ ರಸ್ತೆ. ಅವರೂ ಅದಕ್ಕೆ ‘ಬಿಳಿ ರಸ್ತೆ’ ಎಂದೇ ಹೇಳುತ್ತಾರೆ. ಕಾಲಿಗೆ ಹಿತ, ಕಣ್ಣಿಗೆ ಚುರುಚುರು.

ಬೆಳಿಗ್ಗೆಯ ಹೊತ್ತಿನಲ್ಲಿ ಒಂದು ಹಕ್ಕಿ ‘ಕುಕ್ಕೂ’ ಎಂದಿತು. ಹೌದು, ಗೋಡೆ ಗಡಿಯಾರದೊಳಗಿನ ಅದೇ ಕೂಗು. ಮರದ ಹಕ್ಕಿ ಕೂಗುವುದನ್ನು ಅರವತ್ತು ವರ್ಷ ಕೇಳಿ, ಜೀವವಿರುವುದನ್ನು ಈಗ ಕೇಳಿದೆ. ಬದುವಿನಲ್ಲಿ ಕೆಂಪು ಗಸಗಸೆ ಹೂ ಅಲ್ಲಲ್ಲಿ ಬಿರಿದಿತ್ತು. ಒಂದು ಹೊಲ ಪೂರ್ತಿ ಕಡುಗೆಂಪು. ಅದು ಕಳೆಯಲ್ಲ, ‘ಸುಲ್ಲಾ’ ಎಂಬ ಮೇವಿನ ಬೆಳೆ. ಹುರುಳಿಯ ಜಾತಿಯದು, ಕುರಿಗೂ ಮೇವು, ಮಣ್ಣಿಗೂ ಸಾರ.

"ಇದಕ್ಕೆ ಎಷ್ಟು ಕೊಡುತ್ತಿದ್ದಿರಿ?"

"ಒಂದು ಬಾವಿಯೂ ಕಾಣುತ್ತಿಲ್ಲ. ಜೇಡಿಮಣ್ಣು, ಇಳಿಜಾರು, ಮಳೆಯಾಶ್ರಯ. ಕೊಟ್ಟರೂ ಕುರಿಸಾಲ."

ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಹುಟ್ಟಿದ್ದು ಈ ಕಣಿವೆಯಲ್ಲೇ ಇರಬೇಕು. ದೂರಕ್ಕೆ ಮಖಮಲ್ಲು, ಹತ್ತಿರ ಹೋದರೆ ತಲೆಗಾತ್ರದ ಹೆಂಟೆ, ಅಂಗೈಯಗಲದ ಬಿರುಕು. ಅಂಥದ್ದೊಂದು ದಿಣ್ಣೆಯ ನೆತ್ತಿಯಲ್ಲಿ ವಿತಾಲೆತಾ ಎಂಬ ಪುಟ್ಟ ಗುಡಿ, ಎಡಬಲದಲ್ಲಿ ಸೈಪ್ರೆಸ್ ಮರಗಳು. ಟಸ್ಕನಿಯ ಕ್ಯಾಲೆಂಡರ್ ಯಾವುದೇ ಇರಲಿ, ಒಂದು ತಿಂಗಳು ಈ ಗುಡಿಗೆ ಮೀಸಲು. ಈಗಿನ ಮುಂಭಾಗ ತೀರಾ ಹಳೆಯದೂ ಅಲ್ಲ, 19ನೇ ಶತಮಾನದ ಕೊನೆಯಲ್ಲಿ ಹೊಸದಾಗಿ ಕಟ್ಟಿದ್ದು. ಮದುಮಕ್ಕಳಿಬ್ಬರು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮದುಮಗಳು ಸೆರಗಿನಂತಹ ಬಿಳಿ ಬಟ್ಟೆಯನ್ನು ಎತ್ತಿ ಹಿಡಿದಿದ್ದಳು. ಕೆಳಗೆ ಗದ್ದೆಗೆ ಹೋಗುವಂಥ ರಬ್ಬರ್ ಬೂಟು.

ಮೇ ದಿನವಾದ್ದರಿಂದ ಹೊಲದಂಚಿನಲ್ಲೆಲ್ಲ ಜನ ಬುತ್ತಿ ಬಿಚ್ಚಿದ್ದರು. ಒಂದು ಕುಟುಂಬದ ಅಜ್ಜ ಕೈಬೀಸಿ ಕರೆದು, ರಾಶಿ ಹಾಕಿದ್ದ ಹಸಿ ಕಾಯಿಗಳತ್ತ ಬೆರಳು ತೋರಿಸಿದ. ಗೇಣುದ್ದದ ಕಾಯಿ, ಒಳಗೆ ಹತ್ತಿಯಂಥ ಹಾಸಿಗೆ, ಅದರಲ್ಲಿ ಐದಾರು ಕಾಳು. ಬಾಕಳೆ ಜಾತಿಯ ಅವರೆ. ಮೇ 1ರಂದು ಇದನ್ನು ಹಸಿಯಾಗಿ, ಕುರಿಹಾಲಿನ ಪೆಕೊರಿನೊ ಗಿಣ್ಣಿನ ಚೂರಿನೊಂದಿಗೆ ತಿನ್ನುವುದು ಇಲ್ಲಿನ ರೂಢಿ. ಅವರೆಕಾಯಿ ಸೀಮೆಯವಳಾದ ನನ್ನಾಕೆಗೆ ಹೇಳಿಕೊಡಬೇಕಾಗಿರಲಿಲ್ಲ. ಕಾಯಿ ಸುಲಿಯುವ ವೇಗಕ್ಕೆ ಅಜ್ಜ ಬೆರಗಾದ. ಅವಳು ಕಾಳನ್ನು ಹಿಸುಕಿ ಮೇಲಿನ ಸಿಪ್ಪೆಯನ್ನೂ ಬಿಡಿಸಿ, ಹಿದುಕವರೆ ಮಾಡಿ ಕೊಟ್ಟಾಗ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದರು. ಭಾಷೆ ಒಂದಕ್ಷರ ಬಾರದೆ ಮುಕ್ಕಾಲು ಗಂಟೆ ಕಳೆದೆವು.

ಸಾನ್ ಕ್ವಿರಿಕೊದ ಇಗರ್ಜಿಯ ಕಲ್ಲಿನ ಸಿಂಹಗಳು, 16ನೇ ಶತಮಾನದ ತೋಟದ ಕತ್ತರಿಸಿ ನಿಲ್ಲಿಸಿದ ಬೇಲಿಗಳು, ಎಲ್ಲ ನೋಡಿ ಮೂರೂವರೆಗೆ ಬಸ್ ನಿಲ್ದಾಣಕ್ಕೆ ಬಂದೆವು. ನಾಲ್ಕಾಯಿತು. ಐದಾಯಿತು. ಕಾರ್ಮಿಕರ ದಿನದಂದು ಬಸ್ಸಿನ ಚಾಲಕನೂ ಕಾರ್ಮಿಕನೇ ಎಂಬುದು ಹೊಳೆದದ್ದು ಆಮೇಲೆ. ವೇಳಾಪಟ್ಟಿಯ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದೇ ಇತ್ತು. ಇಡೀ ಜನ್ಮ ಸಾಲಗಾರರಿಗೆ ಸಣ್ಣಕ್ಷರ ಓದಿ ಎಂದು ಹೇಳಿದವನು ನಾನು. ಮನೆಯೊಡತಿಗೆ ಫೋನ್ ಮಾಡಿದೆ. ಅವಳ ಮಗ ಪಿಕಪ್ ವಾಹನ ತಂದು ಕರೆದುಕೊಂಡು ಹೋದ. ಹಿಂದೆ ಎರಡು ಕುರಿಮರಿಗಳೂ ಇದ್ದವು.

ಮೇ 2, ಮಳೆ

ಬೆಳಗಿನಿಂದ ಜಿಟಿಜಿಟಿ. ನಡಿಗೆ ರದ್ದು. ಇಡೀ ಪ್ರವಾಸದಲ್ಲಿ ನನಗೆ ಹೆಚ್ಚು ದಕ್ಕಿದ ದಿನ ಇದು.

ಮನೆಯೊಡತಿಯ ತಾಯಿಗೆ ಎಂಬತ್ತು ದಾಟಿದೆ. ಎಲ್ಲರೂ ‘ನೋನ್ನಾ’ ಎನ್ನುತ್ತಾರೆ, ಅಂದರೆ ಅಜ್ಜಿ; ನಾವೂ ಹಾಗೆಯೇ ಕರೆದೆವು. ಮಧ್ಯಾಹ್ನದ ಊಟಕ್ಕೆ ‘ಪೀಚಿ’ ಮಾಡುತ್ತಾ ಕುಳಿತಿದ್ದರು. ಗೋಧಿಹಿಟ್ಟು, ನೀರು, ಒಂದಿಷ್ಟು ಆಲಿವ್ ಎಣ್ಣೆ. ಕಣಕವನ್ನು ಪಟ್ಟಿ ಕೊಯ್ದು ಹಲಗೆಯ ಮೇಲೆ ಅಂಗೈಯಲ್ಲಿ ಹೊಸೆಯುವುದು. ನಮ್ಮ ಶ್ಯಾವಿಗೆಗಿಂತ ದಪ್ಪ, ಪೆನ್ಸಿಲ್ಲಿಗಿಂತ ಸಣ್ಣ. ನಾನು ಹೊಸೆದದ್ದು ಒಂದು ಕಡೆ ಹಗ್ಗ, ಒಂದು ಕಡೆ ದಾರ. ನನ್ನಾಕೆ ಒಂದು ಎಳೆ ತೆಗೆದುಕೊಂಡಳು, ಎರಡೇ ಉರುಳು, ಕೋಲಿನ ಹಾಗೆ ಸಮನಾಗಿ ಬಂತು. ನೋನ್ನಾ ಅವಳ ಕೈಯನ್ನು ಮಗುಚಿ ಮಗುಚಿ ನೋಡಿದರು. ನಲವತ್ತು ವರ್ಷದಿಂದ ದಿನವೂ ದೇವರ ದೀಪಕ್ಕೆ ಬತ್ತಿ ಹೊಸೆದ ಕೈ ಎಂದು ಅನುವಾದಕ ಆ್ಯಪ್‌ನಲ್ಲಿ ಹೇಳಲು ನೋಡಿದೆ. ಅದು ಏನು ಹೇಳಿತೋ, ನೋನ್ನಾ ಶಿಲುಬೆಯ ಸನ್ನೆ ಮಾಡಿಕೊಂಡರು.

ಮೇಲಿನ ಸಾರು ಟೊಮೆಟೊ ಮತ್ತು ‘ಅಲ್ಯೋನೆ’ಯದು, ಅದು ಪಕ್ಕದ ಕಿಯಾನಾ ಕಣಿವೆಯ ದೈತ್ಯ ಬೆಳ್ಳುಳ್ಳಿ, ನೋಡಲು ದೊಡ್ಡದು, ಘಾಟು ಕಡಿಮೆ. ಗಿಣ್ಣನ್ನು ಹೆಪ್ಪುಗಟ್ಟಿಸಲು ಏನು ಹಾಕುತ್ತೀರಿ ಎಂದು ನನ್ನಾಕೆ ಕೇಳಿದ್ದೇ ತಪ್ಪಾಯಿತು. ಕುರಿಮರಿಯ ಹೊಟ್ಟೆಯೊಳಗಿನ ರಸ. ನಿನ್ನೆ ಅವರೆಯ ಜೊತೆ ಚಪ್ಪರಿಸಿದ್ದು ನೆನಪಾಗಿ ಅವಳ ಮುಖ ಚಿಕ್ಕದಾಯಿತು. ತಟ್ಟೆಯಲ್ಲಿದ್ದ ತುಂಡು ಸದ್ದಿಲ್ಲದೆ ನನ್ನ ತಟ್ಟೆಗೆ ಬಂತು. ನಾನೂ ಸದ್ದಿಲ್ಲದೆ ತಿಂದೆ. ಟಸ್ಕನಿಯ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ, ಇದು ಅವರ ಜಂಬ. ನಾವು ಅದಕ್ಕೆ ಆಲಿವ್ ಎಣ್ಣೆ ಸುರಿದು ಶೇಂಗಾ ಚಟ್ನಿಪುಡಿ ಉದುರಿಸಿದೆವು. ನೋನ್ನಾ ರುಚಿ ನೋಡಿ, ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಊಟವಾದ ಮೇಲೆ ನಾನು ಬ್ಯಾಂಕಿನವನೆಂದು ತಿಳಿದು ಮನೆಯೊಡತಿ ಒಂದು ಹಳೆಯ ಪುಸ್ತಕ ತಂದಿಟ್ಟಳು. ಈ ಮನೆಯ ಅಟ್ಟದಲ್ಲಿ ಸಿಕ್ಕಿದ್ದಂತೆ. ಇವರ ಮನೆತನ ಇಲ್ಲಿಯದಲ್ಲ. 1950–60ರ ದಶಕಗಳಲ್ಲಿ ವಾರದ ರೈತರು ಮನೆ ಬಿಟ್ಟು ಕಾರ್ಖಾನೆ ಕೆಲಸಕ್ಕೆ ಪಟ್ಟಣ ಸೇರಿದಾಗ, ಖಾಲಿ ಬಿದ್ದ ಹೊಲಮನೆಗಳಿಗೆ ಸಾರ್ಡಿನಿಯಾ ದ್ವೀಪದಿಂದ ಕುರಿಗಾಹಿಗಳು ಮಂದೆಯ ಸಮೇತ ಬಂದು ಸೇರಿದರು. ಪಿಯೆಂಜಾದ ಹೆಸರಾಂತ ಪೆಕೊರಿನೊ ಇವತ್ತು ನಿಂತಿರುವುದು ಬಹುಮಟ್ಟಿಗೆ ಆ ವಲಸಿಗರ ಮಂದೆಗಳ ಮೇಲೆ. ನೋನ್ನಾ ಬಂದದ್ದು ಹಾಗೆ, ಎಳೆಯ ಸೊಸೆಯಾಗಿ. ಪುಸ್ತಕ ಅದಕ್ಕೂ ಮೊದಲಿದ್ದವರದು: ‘ಲಿಬ್ರೆಟ್ಟೊ ಕೊಲೊನಿಕೊ’, ವಾರದಾರನ ಲೆಕ್ಕದ ಪುಸ್ತಕ.

ತೆರೆದ ಕೂಡಲೇ ಅರ್ಥವಾಯಿತು. ಎಡಕ್ಕೆ ‘ದಾರೆ’, ಬಲಕ್ಕೆ ‘ಆವೆರೆ’: ಖರ್ಚು, ಜಮೆ. ಪುಟದ ಕೊನೆಗೆ ಒಟ್ಟು, ಮುಂದಿನ ಪುಟದ ತಲೆಗೆ ಹಿಂದಿನ ಬಾಕಿ. ನನ್ನ ಖಾತೆ ಪುಸ್ತಕವೇ. ಮನೆಯೊಡತಿಯ ಸಹಾಯದಿಂದ ಒಂದೊಂದೇ ಸಾಲು ಬಿಡಿಸಿದೆ. ಎತ್ತು ಮಾರಿದ್ದು, ಅರ್ಧ. ಹಂದಿಮರಿ ಕೊಂಡದ್ದು, ಅರ್ಧ. ಒಕ್ಕಣೆ ಯಂತ್ರದ ಬಾಡಿಗೆ, ಅರ್ಧ. ಮೈಲುತುತ್ತ, ಅರ್ಧ. ದ್ರಾಕ್ಷಿಗೆ ಸಿಂಪಡಿಸಲು ತಂದದ್ದು. ಅಡಿಕೆಗೆ, ಕಾಫಿಗೆ ಬೋರ್ಡೋ ದ್ರಾವಣ ಕಲಸಲು ಮೈಲುತುತ್ತಕ್ಕೆಂದು ಸಕಲೇಶಪುರದ ಕಡೆಯ ಎಷ್ಟು ಜನಕ್ಕೆ ನಾನು ಸಾಲದ ಚೀಟಿ ಬರೆದಿದ್ದೇನೋ ಲೆಕ್ಕವಿಲ್ಲ. ಅರ್ಧರ್ಧ ಎಂಬುದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬೆಳೆ ಕೈಕೊಟ್ಟ ವರ್ಷ ರೈತ ಹೊಟ್ಟೆಗೆಂದು ಧಣಿಯಿಂದ ತಂದ ಗೋಧಿ ‘ದಾರೆ’ಯಲ್ಲಿ ಬೀಳುತ್ತದೆ, ಮುಂದಿನ ವರ್ಷದ ಅರ್ಧ ಅದನ್ನು ತೀರಿಸಲು ಸಾಲುವುದಿಲ್ಲ. ಹನ್ನೊಂದು ವರ್ಷದಲ್ಲಿ ಒಂಬತ್ತು ಸಲ ಬಾಕಿ ಮುಂದಕ್ಕೆ ಹೋಗಿದೆ. ಕೊನೆಯ ಬರಹದ ಕೆಳಗೆ ಎರಡು ಗೆರೆ ಎಳೆದಿಲ್ಲ. ಖಾತೆ ಮುಚ್ಚಿಯೇ ಇಲ್ಲ. ಬಿಟ್ಟು ಹೋಗಿದ್ದಾರೆ.

1964ರ ಕಾನೂನು ಹೊಸ ವಾರದ ಕರಾರುಗಳನ್ನು ನಿಷೇಧಿಸಿತು. ಉಳಿದವನ್ನು 1982ರ ಕಾನೂನು ಗೇಣಿಗೆ ಬದಲಿಸಿತು. ನಮ್ಮಲ್ಲಿ ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ ಉಳುವವನು ಇನ್ನೂ ಹೊಲದಲ್ಲೇ ಇದ್ದ, ಅರ್ಜಿ ಹಾಕಿದ, ಒಡೆಯನಾದ. ಇಲ್ಲಿ ಕಾನೂನು ಬರುವ ಹೊತ್ತಿಗೆ ಅರ್ಧಕ್ಕರ್ಧ ಜನ ಎದ್ದು ಹೋಗಿದ್ದರು. ಈಗ ನಾವು ನೋಡಿ ಮೈಮರೆಯುವ ಈ ಬಯಲಿನಲ್ಲಿ ಮನುಷ್ಯರು ಕಾಣುವುದಿಲ್ಲ ಏಕೆ ಎಂದು ಎರಡು ದಿನದಿಂದ ಕೊರೆಯುತ್ತಿತ್ತು. ಸಿಯೆನಾದ ಗೋಡೆಯಲ್ಲಿ ಹೊಲದ ತುಂಬ ಜನ. ಇಲ್ಲಿ ಟ್ರ್ಯಾಕ್ಟರಿನ ಗಾಲಿಯ ಗುರುತು, ಸೈಪ್ರೆಸ್ ಸಾಲು, ಆಕಾಶ. 2004ರಲ್ಲಿ ಯುನೆಸ್ಕೊ ಈ ಕಣಿವೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಪುಸ್ತಕವನ್ನು ಮರಳಿಸುವ ಮುಂಚೆ ಕೊನೆಯ ಪುಟದ ಕೂಡಿಸುವಿಕೆಯನ್ನು ಇನ್ನೊಮ್ಮೆ ಪರಿಶೀಲಿಸಿದೆ. ಹಳೆಯ ಅಭ್ಯಾಸ. ಸರಿಯಾಗಿತ್ತು.

ಮೇ 3, ಬಾನ್ಯೊ ವಿನ್ಯೋನಿ

ಬಸ್ಸು ಓಡಿತು. ಸಾನ್ ಕ್ವಿರಿಕೊದಿಂದ ಗುಡ್ಡ ಹತ್ತಿಳಿದು ಆರು ಕಿ.ಮೀ. ಇದು ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮಿಗೆ ಹೋಗುವ ಹಳೆಯ ಯಾತ್ರಾಮಾರ್ಗ. 990ರ ಸುಮಾರಿಗೆ ಸಿಗೆರಿಕ್ ಎಂಬ ಆರ್ಚ್‌ಬಿಷಪ್ ರೋಮಿನಿಂದ ಮರಳುವಾಗ ತಂಗಿದ 80ರಷ್ಟು ತಾಣಗಳ ಪಟ್ಟಿ ಮಾಡಿಸಿದ್ದು, ಅದರಲ್ಲಿ ಸಾನ್ ಕ್ವಿರಿಕೊ ಒಂದು. ಬೆನ್ನಿಗೆ ಚಿಪ್ಪು ಕಟ್ಟಿಕೊಂಡ ಯಾತ್ರಿಕರು ದಾಪುಗಾಲಿನಲ್ಲಿ ನಮ್ಮನ್ನು ದಾಟಿ ಹೋದರು. ಹೋಗಲಿ.

ಬಾನ್ಯೊ ವಿನ್ಯೋನಿಯಲ್ಲಿ ಊರ ಚೌಕವೇ ಇಲ್ಲ. ಚೌಕ ಇರಬೇಕಾದ ಕಡೆ ಕಲ್ಲು ಕಟ್ಟಿದ ಕಲ್ಯಾಣಿ, ಅದರಲ್ಲಿ 50 ಡಿಗ್ರಿ ಸುಮಾರಿನ ಬಿಸಿನೀರು ಗುಳುಗುಳು ಎನ್ನುತ್ತದೆ. ಅಮಿಯಾತಾ ಆರಿದ ಜ್ವಾಲಾಮುಖಿ. ಒಡಲ ಕಾವು ಇನ್ನೂ ಆರಿಲ್ಲ. ಸಿಯೆನಾದ ಸಂತ ಕ್ಯಾಥರಿನ್ ಹುಡುಗಿಯಾಗಿದ್ದಾಗ, ಸನ್ಯಾಸದ ಹುಚ್ಚು ಬಿಡಲಿ ಎಂದು ತಾಯಿ ಈ ಸ್ನಾನಕ್ಕೆ ಕರೆತಂದಳಂತೆ. ಹುಡುಗಿ ಎಲ್ಲಕ್ಕಿಂತ ಬಿಸಿಯಾದ ಕಡೆಗೆ ಹೋಗಿ ಮೈ ಸುಟ್ಟುಕೊಂಡಳು. ತಾಯಿ ಸೋತಳು. ಈಗ ಕಲ್ಯಾಣಿಗೆ ಇಳಿಯುವಂತಿಲ್ಲ. ಊರಂಚಿನಲ್ಲಿ ಬಂಡೆಯ ಮೇಲೆ ಕಾಲುವೆಗಳಲ್ಲಿ ಹರಿಯುವ ನೀರಿಗೆ ಕಾಲು ಇಳಿಬಿಡಬಹುದು. ಆ ನೀರು ಹಿಂದೆ ಬಂಡೆ ಕೊರೆದು ಮಾಡಿದ ಹಿಟ್ಟಿನ ಗಿರಣಿಗಳನ್ನು ಒಂದರ ಕೆಳಗೊಂದು ತಿರುಗಿಸುತ್ತಾ ಓರ್ಚಾಕ್ಕೆ ಬೀಳುತ್ತಿತ್ತು. ಹೊಳೆ ಬತ್ತಿದರೂ ಬುಗ್ಗೆ ಬತ್ತದ್ದರಿಂದ ಬೇಸಿಗೆಯಲ್ಲೂ ಗಿರಣಿ ನಿಲ್ಲುತ್ತಿರಲಿಲ್ಲ. ಎರಡು ಗಂಟೆ ಕಾಲು ನೆನೆಸಿ ಕುಳಿತೆವು. ಬೇರೇನೂ ಮಾಡಲಿಲ್ಲ.

ಮೇ 4, ಮೊಂಟಿಕ್ಯೆಲ್ಲೊ

ಸಾಮಾನನ್ನು ಪಿಕಪ್ಪಿಗೆ ಒಪ್ಪಿಸಿ, ನೋನ್ನಾಗೆ ಚಟ್ನಿಪುಡಿಯ ಡಬ್ಬಿಯನ್ನೇ ಬಿಟ್ಟು ಹೊರಟೆವು. ಮಳೆ ನಿಂತು ಒಂದು ದಿನವಾಗಿದ್ದರೂ ಮಣ್ಣು ಮರೆತಿರಲಿಲ್ಲ. ಹತ್ತು ಹೆಜ್ಜೆಗೆ ಒಂದೊಂದು ಶೂಗೂ ಕಿಲೋ ಜೇಡಿ. ಇದನ್ನು ಎತ್ತಿನಲ್ಲಿ ಉತ್ತವರಿದ್ದರು. ಚಂದ್ರಮುಕುಟ ಹಕ್ಕಿಯೊಂದು ಕಿರೀಟ ಬಿಚ್ಚಿ ಮುಚ್ಚಿ ಮಾಡುತ್ತಾ ಸ್ವಲ್ಪ ದೂರ ದಾರಿ ತೋರಿಸಿತು. ಪೊದೆಯ ಬಳಿ ಕಪ್ಪು ಬಿಳಿ ಪಟ್ಟೆಯ ಮುಳ್ಳು ಬಿದ್ದಿತ್ತು, ಮುಳ್ಳುಹಂದಿಯದು. ಇಟಲಿಯಲ್ಲೂ ಮುಳ್ಳುಹಂದಿಯೇ ಎಂದು ನನ್ನಾಕೆ ಅದನ್ನು ಬೈತಲೆ ತೆಗೆಯಲು ಆಗುತ್ತದೆಂದು ಚೀಲಕ್ಕೆ ಸೇರಿಸಿದಳು.

ಮೊಂಟಿಕ್ಯೆಲ್ಲೊಗೆ ಏರುವ ರಸ್ತೆ ಸೈಪ್ರೆಸ್ ಸಾಲಿನೊಂದಿಗೆ ಹಾವಿನ ಹಾಗೆ ಹೊರಳುತ್ತದೆ. ಊರು ಅಂಗೈಯಗಲ. 1944ರ ಏಪ್ರಿಲ್ 6ರಂದು ಇಲ್ಲಿ ಫ್ಯಾಸಿಸ್ಟರ ವಿರುದ್ಧ ಬಂಡುಕೋರರ ಕಾಳಗ ನಡೆಯಿತು. ಬಳಿಕ ಜರ್ಮನ್ ಸೈನಿಕರು ಊರವರನ್ನು ಗೋಡೆಗೆ ಸಾಲಾಗಿ ನಿಲ್ಲಿಸಿ, ಕೊನೆಗೆ ಗುಂಡು ಹಾರಿಸದೆ ಬಿಟ್ಟರು. ವಾರದ ಪದ್ಧತಿ ಮುರಿದು ಊರು ಬರಿದಾಗುತ್ತಿದ್ದಾಗ, 1967ರಲ್ಲಿ, ಉಳಿದವರು ಒಂದು ನಾಟಕ ಕಟ್ಟಿದರು. ಅಂದಿನಿಂದ ಬೇಸಿಗೆಯಲ್ಲಿ ಚೌಕದಲ್ಲಿ ಹೊಸ ನಾಟಕ: ವಸ್ತು ಊರಿನದೇ, ಚಳಿಗಾಲದಲ್ಲಿ ಊರವರೇ ಕೂತು ಚರ್ಚಿಸಿ ಬರೆಯುತ್ತಾರೆ, ಊರವರೇ ಆಡುತ್ತಾರೆ. ಹೆಸರು ‘ತೆಯಾತ್ರೊ ಪೊವೆರೊ’, ಬಡ ರಂಗಭೂಮಿ. ಆ ಏಪ್ರಿಲ್ 6ನ್ನೂ ಆಡಿದ್ದಾರೆ. ಗೋಡೆಗೆ ನಿಂತವರ ನಡುವೆಯೇ. ಇನ್ನೇನು ಮಾರಿಹೋಗುವ ಊರಿನಲ್ಲಿ ಜನ ತಮ್ಮ ಕಥೆಯನ್ನು ಬೇರೆಯವರಿಗೆ ವಾರಕ್ಕೆ ಕೊಡಲಿಲ್ಲ ಎನ್ನಿಸಿತು. ರಾತ್ರಿ ಉಳಿದದ್ದು ಇಲ್ಲೇ. ಒಂಬತ್ತಕ್ಕೆ ಬೀದಿದೀಪದ ಕೆಳಗೆ ಒಂದು ಬೆಕ್ಕು ಬಿಟ್ಟರೆ ಯಾರೂ ಇಲ್ಲ.

ಮೇ 5, ಮೊಂಟೆಪುಲ್ಚಾನೊ

ಕೊನೆಯ ನಡಿಗೆ. 1944ರ ಜೂನ್‌ನಲ್ಲಿ ಇದೇ ಕಣಿವೆಯಿಂದ ಮೊಂಟೆಪುಲ್ಚಾನೊಗೆ ಇನ್ನೊಂದು ನಡಿಗೆ ನಡೆದಿತ್ತು. ಲಾ ಫೋಚೆ ಎಂಬ ಎಸ್ಟೇಟಿನ ಒಡತಿ ಐರಿಸ್ ಒರಿಗೊ, ತಾನು ಆಶ್ರಯ ಕೊಟ್ಟಿದ್ದ ಮಕ್ಕಳೂ ಸೇರಿ ಸುಮಾರು 60 ಜನರನ್ನು ಕರೆದುಕೊಂಡು, ಗುಂಡಿನ ಸುರಿಮಳೆಯ ನಡುವೆ, ಕೂಸುಗಳನ್ನು ಎತ್ತಿಕೊಂಡು ನಡೆದಳು. ಊರವರು ಎದುರುಗೊಂಡು ಮಕ್ಕಳನ್ನು ತಮ್ಮ ತಮ್ಮ ಮನೆಗೆ ಸೇರಿಸಿಕೊಂಡರು. ಧಣಿಗಳ ಸಾಲಿನಲ್ಲಿ ಇಂಥವರೂ ಇದ್ದರು. ಲೆಕ್ಕದ ಪುಸ್ತಕ ನೋಡಿದ ಮೇಲೆ ಇದನ್ನೂ ‘ಆವೆರೆ’ ಕಡೆಗೆ ಬರೆಯಬೇಕು.

ಬೆಟ್ಟದ ಬುಡದಲ್ಲಿ ಸಾನ್ ಬಿಯಾಜೊ, 1518ರಲ್ಲಿ ಹಿರಿಯ ಆಂಟೊನಿಯೊ ದ ಸಂಗಾಲ್ಲೊ ಶುರು ಮಾಡಿದ ಜೇನುಬಣ್ಣದ ಇಗರ್ಜಿ. ಸುತ್ತ ಹುಲ್ಲು, ಸದ್ದಿಲ್ಲ. ಆಮೇಲೆ 605 ಮೀಟರ್ ಎತ್ತರದ ಊರಿಗೆ ಏರು. ಆಗಸ್ಟ್ ಕೊನೆಯ ಭಾನುವಾರ ಇಲ್ಲಿಯ ಗಂಡಸರು ಊರೊಳಗಿನ ಏರುಬೀದಿಗಳಲ್ಲಿ 80 ಕಿಲೋದ ಪೀಪಾಯಿ ಉರುಳಿಸುತ್ತಾ ಪೈಪೋಟಿ ಓಡುತ್ತಾರೆ. ನಾವು ನಮ್ಮನ್ನೇ ಉರುಳಿಸಿಕೊಂಡು ಮೇಲೆ ಸೇರುವಷ್ಟರಲ್ಲಿ ಸಾಕಾಯಿತು. ನೆಲಮಾಳಿಗೆಯೊಂದರಲ್ಲಿ ಇಲ್ಲಿನ ‘ವಿನೊ ನೊಬಿಲೆ’ ವೈನನ್ನು ಒಂದು ಗುಟುಕು ರುಚಿ ನೋಡಿದೆ. ನನ್ನಾಕೆ ಅಷ್ಟು ಹೊತ್ತು ಪೀಪಾಯಿಗಳನ್ನು ಎಣಿಸಿದಳು.

ರೈಲು ಹಿಡಿಯಲು ಕಿಯೂಸಿಗೆ ಹೋಗುವ ಬಸ್ಸಿಗೆ ಇಪ್ಪತ್ತು ನಿಮಿಷವಿತ್ತು. ಬೀದಿಯಲ್ಲಿ ಮನೆ ಮಾರಾಟದ ಅಂಗಡಿಯೊಂದರ ಗಾಜಿಗೆ ಚಿತ್ರಗಳನ್ನು ಅಂಟಿಸಿದ್ದರು: ಹಳೆಯ ರೈತಮನೆಗಳು, ಒಂದೊಂದಕ್ಕೂ ಈಜುಕೊಳ. ಒಂದರ ಬೆಲೆ ಏಳಂಕಿಯ ಯೂರೊ. ಕೆಳಗಿನ ವಿವರವನ್ನು ಆ್ಯಪ್ ಅನುವಾದಿಸಿತು: ಮೂಲ ದನದ ಕೊಟ್ಟಿಗೆ, ಕಬ್ಬಿಣದ ಬಳೆಗಳ ಸಮೇತ ಉಳಿಸಿಕೊಳ್ಳಲಾಗಿದೆ, ಈಗ ನಡುಮನೆ.

ನನ್ನಾಕೆ ಮೊಣಕೈ ತಿವಿದಳು. "ಇದಕ್ಕೆ?"

"ಬಾವಿ ಇದೆ," ಎಂದೆ ಈಜುಕೊಳ ತೋರಿಸಿ. "ಆದರೆ ಅರ್ಜಿದಾರರ ವಯಸ್ಸು ಅರವತ್ತು ದಾಟಿದೆ, ಜಾಮೀನಿಗೆ ಇರುವುದು ಒಂದು ಮುಳ್ಳುಹಂದಿ ಮುಳ್ಳು."

ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಹತ್ತುವ ಮುನ್ನ ಮೆಟ್ಟಿಲಿಗೆ ಶೂ ಕೆರೆದೆವು. ಬೂದುಬಣ್ಣದ ಹೆಂಟೆ ಉದುರಿತು, ಎಲ್ಲ ಅಲ್ಲ.